ಐವರು ಭಿಕ್ಷುಗಳಿಗಾಗಿ

ಹೊರನಾಡಿನಲ್ಲಿ ನೆಲೆಸಿದ ನಮಗೆ ಮನೆಯ ಶುಭಕಾರ್ಯಕ್ಕೆ ಊರಿನಿಂದ ಭಟ್ಟರನ್ನೋ ಅಯ್ಯನವರನ್ನೋ ಕರೆಸಿಕೊಳ್ಳುವುದು ಹೊಸತೇನಲ್ಲ. ನಮ್ಮ ಕಡೆಯ ಪದ್ಧತಿ ಬಲ್ಲವರೇ ಬೇಕೆಂಬ ಹಂಬಲ ಅದಕ್ಕೆ ಕಾರಣ. ಅವರು ರೈಲು ತಪ್ಪಿ ಬಾರದೆ ಹೋದರೂ ಮುಂದಿನ ಬೀದಿಯಲ್ಲಿ ಇನ್ನೊಬ್ಬರು ಸಿಕ್ಕಾರು, ಕಾರ್ಯವಂತೂ ನಿಲ್ಲದು. ಆದರೆ ಇಡೀ ಒಂದು ದೇಶದಲ್ಲೇ ಗುರುಪರಂಪರೆ ಕಡಿದುಹೋದರೆ? ರಾಜನ ಬಳಿ ಬೊಕ್ಕಸವಿದೆ, ವಿಹಾರಗಳಿವೆ, ಪವಿತ್ರ ಗ್ರಂಥಗಳಿವೆ, ಬುದ್ಧನ ದಂತಧಾತುವೇ ಇದೆ. ಇಷ್ಟಿದ್ದರೂ ಹೊಸ ಭಿಕ್ಷುವೊಬ್ಬನಿಗೆ ದೀಕ್ಷೆ ಕೊಡಲು ಬೇಕಾದ ನಾಲ್ಕಾರು ಜನ ಇಲ್ಲವೆಂದರೆ?

ಇಂಥ ಸ್ಥಿತಿ ಸಿಂಹಳಕ್ಕೆ ಒಂದಲ್ಲ, ಹಲವು ಸಲ ಬಂದಿತ್ತು. ಪ್ರತಿ ಸಲವೂ ಅದು ಕಡಲಾಚೆಯ ನಾಡುಗಳಿಗೆ ಓಲೆ ಕಳುಹಿಸಿ ಭಿಕ್ಷುಗಳನ್ನು ಬೇಡಿ ತಂದಿತು. ಅದೇ ನಾಡುಗಳು ಬೇರೆ ಕಾಲಗಳಲ್ಲಿ ತಮ್ಮ ಭಿಕ್ಷುಗಳನ್ನು ಸಿಂಹಳಕ್ಕೆ ಕಳುಹಿಸಿ ದೀಕ್ಷೆ ಪಡೆದುಕೊಂಡಿದ್ದವು. ಎರಡು ಸಾವಿರ ವರ್ಷಗಳುದ್ದಕ್ಕೂ ನಡೆದ ಈ ಕೊಳುಕೊಡೆಯ ಮೊದಲ ಪುಟಗಳಲ್ಲಿ ನಮ್ಮ ಬನವಾಸಿಯ ಹೆಸರೂ ಇದೆ. ಆದ್ದರಿಂದಲೇ ಈ ಕಥೆ ಕನ್ನಡಿಗರು ತಿಳಿದಿರಬೇಕಾದುದು.

ಐದರ ಲೆಕ್ಕ

ಬೌದ್ಧ ಸಂಘವನ್ನು ಸೇರುವವನು ಮೊದಲು ಸಾಮಣೇರ, ಅಂದರೆ ಕಿರಿಯ ಅಭ್ಯಾಸಿ, ಆಗುತ್ತಾನೆ. ಪೂರ್ಣ ಭಿಕ್ಷುವಾಗಬೇಕಾದರೆ 'ಉಪಸಂಪದಾ' ಎಂಬ ಎರಡನೆಯ ದೀಕ್ಷೆಯಾಗಬೇಕು. ಇದನ್ನು ಒಬ್ಬ ಗುರು ತಾನೊಬ್ಬನೇ ಕೊಡುವಂತಿಲ್ಲ. ಸಂಘ ಸೇರಿ ಒಪ್ಪಿಗೆ ಕೊಡಬೇಕು. ಗಂಗಾತೀರದ ಮಧ್ಯದೇಶದಲ್ಲಾದರೆ ಕನಿಷ್ಠ ಹತ್ತು ಜನ ಭಿಕ್ಷುಗಳು ಕೂಡಬೇಕೆಂಬುದು ನಿಯಮ.

ಈ ನಿಯಮ ದೂರದೇಶಗಳಿಗೆ ಎಷ್ಟು ಕಷ್ಟವೆಂಬುದು ಬುದ್ಧನ ಕಾಲದಲ್ಲೇ ಕಂಡುಬಂತು. ಅವಂತಿಯಲ್ಲಿ ಮಹಾಕಾತ್ಯಾಯನರ ಶಿಷ್ಯನಾದ ಸೋಣನೆಂಬುವನು ಹತ್ತು ಭಿಕ್ಷುಗಳು ಕೂಡುವ ತನಕ ಮೂರು ವರ್ಷ ಕಾಯಬೇಕಾಯಿತಂತೆ. ಆ ಬಳಿಕ ಸೋಣನು ಬುದ್ಧನ ದರ್ಶನಕ್ಕೆ ಹೋದಾಗ ಗುರುವಿನ ಬಿನ್ನಹವನ್ನು ಮುಟ್ಟಿಸಿದನು. ಬುದ್ಧನು ಗಡಿನಾಡುಗಳಿಗೆ ರಿಯಾಯಿತಿ ಕೊಟ್ಟನು: ಅಲ್ಲಿ ಐವರು ಸಾಕು, ಅವರಲ್ಲಿ ಒಬ್ಬನು ವಿನಯ ನಿಯಮಗಳನ್ನು ಬಲ್ಲವನಾಗಿರಬೇಕು.

ಐದು ಎಂಬುದು ಚಿಕ್ಕ ಸಂಖ್ಯೆಯೇ. ಆದರೆ ನಾಲ್ವರಿದ್ದಾಗ ಅದರ ಬೆಲೆ ತಿಳಿಯುತ್ತದೆ. ಈ ಐವರೂ ಸರಿಯಾದ ದೀಕ್ಷೆ ಪಡೆದವರಾಗಿರಬೇಕು. ಅವರಿಗೆ ದೀಕ್ಷೆ ಕೊಟ್ಟವರೂ ಅಂಥವರೇ ಆಗಿರಬೇಕು. ಹೀಗೆ ಸರಪಳಿ ಬುದ್ಧನವರೆಗೆ ಹೋಗಬೇಕು. ಒಂದು ಕೊಂಡಿ ಕಳಚಿತೆಂದರೆ ಅದನ್ನು ಬೆಸೆಯಲು ರಾಜಾಜ್ಞೆಯಿಂದ ಆಗದು, ಗ್ರಂಥ ಓದಿಯೂ ಆಗದು. ಸರಪಳಿ ಎಲ್ಲಿ ಉಳಿದಿದೆಯೋ ಅಲ್ಲಿಂದಲೇ ಜನ ಬರಬೇಕು.

ಬನವಾಸಿಯಿಂದ ಲಂಕೆಗೆ, ಲಂಕೆಯಿಂದ ಬನವಾಸಿಗೆ

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನ ಕಾಲದ ಸಂಘವು ನಾನಾ ದೇಶಗಳಿಗೆ ಧರ್ಮದೂತರನ್ನು ಕಳುಹಿಸಿದ ಪಟ್ಟಿಯನ್ನು ಸಿಂಹಳದ 'ಮಹಾವಂಸ' ಕೊಡುತ್ತದೆ. ಅದರ ಪ್ರಕಾರ ರಕ್ಖಿತನೆಂಬ ಸ್ಥವಿರನು ಹೋದದ್ದು ವನವಾಸಿಗೆ. ಇದು ಉತ್ತರ ಕನ್ನಡದ ಬನವಾಸಿಯೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಹಾದೇವನು ಹೋದದ್ದು ಮಹಿಷಮಂಡಲಕ್ಕೆ. ಅದು ಮೈಸೂರು ಸೀಮೆ ಎಂದು ಕೆಲವರು, ನರ್ಮದೆಯ ದಡದ ಮಾಹಿಷ್ಮತಿಯೆಂದು ಮತ್ತೆ ಕೆಲವರು. ಅದೇ ಪಟ್ಟಿಯಲ್ಲಿ ಲಂಕೆಗೆ ಹೊರಟವನು ಮಹೇಂದ್ರ. ಅವನ ಜೊತೆಗಿದ್ದ ಭಿಕ್ಷುಗಳು ನಾಲ್ವರು. ಅವನೂ ಸೇರಿ ಐವರು! ದೀಕ್ಷೆ ಕೊಡಲು ಬೇಕಾದ ಲೆಕ್ಕ ಹಿಡಿದೇ ತಂಡ ಕಟ್ಟಿದ್ದರು.

ಹೀಗೆ ಬನವಾಸಿಯೂ ಲಂಕೆಯೂ ಒಂದೇ ಮನೆಯಿಂದ ದೀಪ ಹಚ್ಚಿಸಿಕೊಂಡ ಅಕ್ಕಪಕ್ಕದ ಮನೆಗಳು. ಆಮೇಲೆ ಅವುಗಳ ನಡುವೆಯೇ ಹೋಗಿಬರುವುದು ನಡೆಯಿತು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ದುಟ್ಠಗಾಮಣಿ ರಾಜನು ಅನುರಾಧಪುರದಲ್ಲಿ ಮಹಾಸ್ತೂಪಕ್ಕೆ ಅಡಿಗಲ್ಲಿಟ್ಟಾಗ ಪರದೇಶಗಳಿಂದ ಬಂದ ಸ್ಥವಿರರಲ್ಲಿ ವನವಾಸಿಯ ಚಂದ್ರಗುಪ್ತನೂ ಒಬ್ಬನೆಂದು ಮಹಾವಂಸ ಹೇಳುತ್ತದೆ. ಅವನ ಹಿಂದೆ ಎಂಬತ್ತು ಸಾವಿರ ಭಿಕ್ಷುಗಳು ಬಂದರೆಂಬುದು ಪುರಾಣದ ಲೆಕ್ಕ. ಆ ಸೊನ್ನೆಗಳನ್ನು ಬಿಟ್ಟರೂ ಬನವಾಸಿಯ ಸಂಘಕ್ಕೆ ಸಿಂಹಳದಲ್ಲಿ ಹೆಸರಿತ್ತೆಂಬುದು ಉಳಿಯುತ್ತದೆ.

ಇದರ ಮರುಮುಖ ಕೃಷ್ಣಾ ತೀರದ ನಾಗಾರ್ಜುನಕೊಂಡದ ಶಾಸನದಲ್ಲಿದೆ. ಮೂರನೆಯ ಶತಮಾನದ ಈ ಶಾಸನ ಬೋಧಿಸಿರಿ ಎಂಬ ಉಪಾಸಿಕೆಯ ದಾನವನ್ನು ದಾಖಲಿಸುತ್ತದೆ. ಆಕೆ ಚೈತ್ಯಗೃಹ ಕಟ್ಟಿಸಿಕೊಟ್ಟದ್ದು ತಾಮ್ರಪರ್ಣಿಯ, ಅಂದರೆ ಲಂಕೆಯ, ಆಚಾರ್ಯರಿಗೆ. ಅವರು ಯಾವ ಯಾವ ನಾಡುಗಳಲ್ಲಿ ಧರ್ಮ ಬೋಧಿಸಿ ಜನರನ್ನು ಸಂತೋಷಪಡಿಸಿದರೆಂಬ ಪಟ್ಟಿಯೂ ಅಲ್ಲಿದೆ. ಕಾಶ್ಮೀರ, ಗಾಂಧಾರಗಳ ಜೊತೆಯಲ್ಲಿ ವನವಾಸಿಯೂ ಇದೆ. ಅಲ್ಲಿಯೇ ಇನ್ನೊಂದು ವಿಹಾರವನ್ನು ಕಟ್ಟಿಸಿದವಳು ಇಕ್ಷ್ವಾಕು ರಾಜಕುಮಾರಿ ಕೊಡಬಲಿಸಿರಿ. ಆಕೆ ವನವಾಸಿಯ ಮಹಾರಾಜನ ಕೈಹಿಡಿದವಳು. ಇಂದು ಅಣೆಕಟ್ಟಿನ ನೀರಿನ ನಡುವೆ ದ್ವೀಪವಾಗಿ ಉಳಿದಿರುವ ಆ ಬೆಟ್ಟಕ್ಕೆ ಹೈದರಾಬಾದಿನ ನಮ್ಮವರು ರಜೆಯಲ್ಲಿ ದೋಣಿಯೇರಿ ಹೋಗಿಬರುವುದುಂಟು. ಮುಂಬಯಿ-ಪುಣೆಯವರಿಗೆ ಹತ್ತಿರದ ಸಾಕ್ಷಿ ಬೇಕೆಂದರೆ ಲೋಣಾವಳದ ಬಳಿಯ ಕಾರ್ಲಾ ಗುಹೆಯಿದೆ. ಆ ಭವ್ಯ ಚೈತ್ಯವನ್ನು ಪೂರೈಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿನ ಶಾಸನ ಸಾರುತ್ತದೆ. ವೈಜಯಂತಿಯೆಂದರೆ ಬನವಾಸಿಯೇ ಎಂಬುದು ಅನೇಕ ವಿದ್ವಾಂಸರ ಮತ.

ಪರದೇಶದಿಂದ ಬಂದ ಗುರುವಿನ ಕೆಲಸ ಯಾವಾಗ ಮುಗಿಯುತ್ತದೆ? ಈ ಬಗ್ಗೆ ಪಾಳಿ ಪರಂಪರೆಯಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಧರ್ಮ ಲಂಕೆಯಲ್ಲಿ ಬೇರೂರಿತೇ ಎಂದು ದೇವಾನಾಂಪ್ರಿಯ ತಿಸ್ಸರಾಜನು ಮಹೇಂದ್ರನನ್ನು ಕೇಳಿದನಂತೆ. ನೆಟ್ಟದ್ದಾಗಿದೆ, ಬೇರು ಇನ್ನೂ ಇಳಿದಿಲ್ಲವೆಂದನು ಮಹೇಂದ್ರ. ಲಂಕೆಯಲ್ಲಿ ಹುಟ್ಟಿ, ಲಂಕೆಯಲ್ಲೇ ಭಿಕ್ಷುವಾಗಿ, ಲಂಕೆಯಲ್ಲೇ ವಿನಯವನ್ನು ಕಲಿತವನು ಅದನ್ನು ಅಲ್ಲಿಯೇ ಪಾಠ ಹೇಳಿದಾಗ ಬೇರಿಳಿದಂತೆ ಎಂದು ವಿವರಿಸಿದನು. ರಾಜನ ಬಂಧು ಅರಿಟ್ಠನು ಮುಂದೆ ಆ ಪಾಠ ಹೇಳಿದನು.

ಕೊಟ್ಟವರೇ ಬೇಡಿದರು

೯೯೩ರಲ್ಲಿ ರಾಜರಾಜ ಚೋಳನ ಸೈನ್ಯ ಲಂಕೆಗೆ ನುಗ್ಗಿತು. ೧೦೧೭ರಲ್ಲಿ ರಾಜೇಂದ್ರನ ಕಾಲದಲ್ಲಿ ಸಿಂಹಳದ ರಾಜನೇ ಸೆರೆಯಾದನು. ೧೦೭೦ರಲ್ಲಿ ಒಂದನೆಯ ವಿಜಯಬಾಹುವು ಚೋಳರನ್ನು ಹೊರಹಾಕಿ ಸುತ್ತ ನೋಡಿದಾಗ ಉಪಸಂಪದಾ ನಡೆಸಲು ಬೇಕಾದಷ್ಟು ಭಿಕ್ಷುಗಳು ಇಡೀ ದ್ವೀಪದಲ್ಲಿ ಸಿಗಲಿಲ್ಲ. ಅವನು ಬರ್ಮದ ಅನುರುದ್ಧ (ಅನೌರಥ) ರಾಜನಿಗೆ ದೂತರನ್ನು ಕಳುಹಿಸಿ ರಾಮಞ್ಞ ದೇಶದ ಭಿಕ್ಷುಗಳನ್ನು ಕರೆಸಿಕೊಂಡನು. ಗಂಡಸರ ಸಂಘ ಮತ್ತೆ ಚಿಗುರಿತು. ಅಶೋಕನ ಮಗಳು ಸಂಘಮಿತ್ರೆ ಬೋಧಿವೃಕ್ಷದ ಕೊಂಬೆಯೊಂದಿಗೆ ಬಂದು ನೆಟ್ಟಿದ್ದ ಭಿಕ್ಷುಣೀ ಸಂಘ ಮಾತ್ರ ಚಿಗುರಲಿಲ್ಲ. ಆ ಕಥೆಯನ್ನು ಮುಂದೆ ನೋಡೋಣ.

ನೂರು ವರ್ಷ ಕಳೆಯುವುದರಲ್ಲಿ ಪಾತ್ರಗಳು ಅದಲುಬದಲಾದವು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಬರ್ಮದ ಛಪಟನೆಂಬ ತರುಣ ಸಿಂಹಳಕ್ಕೆ ಹೋಗಿ ಅಲ್ಲಿಯೇ ದೀಕ್ಷೆ ಪಡೆದು ಹತ್ತು ವರ್ಷ ಕಲಿತನು. ಪಗಾನಿಗೆ ಮರಳುವಾಗ ಒಬ್ಬನೇ ಹೋಗಿ ಫಲವಿಲ್ಲವೆಂದು ಇನ್ನೂ ನಾಲ್ವರನ್ನು ಕರೆದುಕೊಂಡನು: ತಾಮ್ರಲಿಪ್ತಿಯ ಸೀವಲಿ, ಕಾಂಬೋಜ ರಾಜಪುತ್ರನಾದ ತಾಮಲಿಂದ, ಕಾಂಚೀಪುರದ ಆನಂದ, ಸಿಂಹಳದ ರಾಹುಲ. ಐದು ಊರಿನ ಐವರು ಕೂಡಿ ಪಗಾನಿನಲ್ಲಿ ಸಿಂಹಳ ಸಂಘವನ್ನು ಹುಟ್ಟುಹಾಕಿದರು. ಇವರಲ್ಲಿ ರಾಹುಲನು ಕೆಲಕಾಲದ ಮೇಲೆ ನರ್ತಕಿಯೊಬ್ಬಳಿಗೆ ಮನಸೋತು ಕಾವಿ ಕಳಚಿ ಹೊರಟುಹೋದನೆಂದು ಪೆಗುವಿನ ಶಾಸನ ಮುಚ್ಚುಮರೆಯಿಲ್ಲದೆ ಬರೆದಿದೆ. ಪರದೇಶಕ್ಕೆ ಹೋದ ಗುರುಗಳೂ ಮನುಷ್ಯರೇ ತಾನೆ!

ಹದಿನೈದನೆಯ ಶತಮಾನದಲ್ಲಂತೂ ಸಿಂಹಳದ ದೀಕ್ಷೆಗೆ ಎಲ್ಲಿಲ್ಲದ ಬೇಡಿಕೆ. ೧೪೨೪ರಲ್ಲಿ ಚಿಯಾಂಗ್‌ಮಾಯ್‌ನ ಇಪ್ಪತ್ತೈದು ಸ್ಥವಿರರು ಇತರ ದೇಶದವರೊಡನೆ ಬಂದು ಕೊಲಂಬೊ ಸಮೀಪದ ಕಲ್ಯಾಣಿ ನದಿಯ ಮೇಲೆ ಮರುದೀಕ್ಷೆ ಪಡೆದರು. ನದಿಯ ಮೇಲೆ ಏಕೆಂದರೆ ದೀಕ್ಷೆ ನಡೆಯುವ ಜಾಗಕ್ಕೆ ನಿರ್ದಿಷ್ಟವಾದ ಎಲ್ಲೆ ಇರಬೇಕು. ನೆಲದ ಮೇಲಾದರೆ ಹದ್ದಿನ ತಕರಾರು ಇದ್ದದ್ದೇ. ಹರಿಯುವ ನೀರಿನಲ್ಲಿ ತೆಪ್ಪ ಕಟ್ಟಿಕೊಂಡರೆ ಆ ಸಂಶಯವಿಲ್ಲ.

ಪೆಗುವಿನ ಧಮ್ಮಚೇತಿ ರಾಜನು ಸ್ವತಃ ಭಿಕ್ಷುವಾಗಿದ್ದು ಆಮೇಲೆ ಸಿಂಹಾಸನವೇರಿದವನು. ೧೪೭೬ರ ವೇಳೆಗೆ ಅವನು ಇಪ್ಪತ್ತೆರಡು ಸ್ಥವಿರರನ್ನೂ ಅಷ್ಟೇ ಮಂದಿ ಶಿಷ್ಯರನ್ನೂ ಎರಡು ಹಡಗುಗಳಲ್ಲಿ ಕಳುಹಿಸಿದನು. ಎಲ್ಲರಿಗೂ ಕಲ್ಯಾಣಿ ನದಿಯ ಮೇಲೆ ದೀಕ್ಷೆಯಾಯಿತು. ಹಿಂತಿರುಗುವಾಗ ಒಂದು ಹಡಗು ಒಡೆದು, ಉಳಿದವರು ತಮಿಳು ಕರಾವಳಿಯಲ್ಲಿ ಕಾಲ್ನಡಿಗೆಯಿಂದ ನಾಗಪಟ್ಟಣವನ್ನು ಸೇರಿದರು. ಕೆಲವರು ಮರಳಿ ಮನೆ ಕಾಣಲಿಲ್ಲ. ಬಂದವರಿಂದ ಪೆಗುವಿನಲ್ಲಿ ಹದಿನೈದು ಸಾವಿರಕ್ಕೂ ಮೀರಿ ಭಿಕ್ಷುಗಳಿಗೆ ದೀಕ್ಷೆಯಾಯಿತೆಂದು ರಾಜನು ನಿಲ್ಲಿಸಿದ ಕಲ್ಯಾಣಿ ಶಾಸನಗಳು ಹೇಳುತ್ತವೆ.

ಐವತ್ತೈದರ ಸಾಮಣೇರ

ಇಷ್ಟು ಧಾರಾಳವಾಗಿ ಹಂಚಿದ ಸಿಂಹಳಕ್ಕೆ ಮತ್ತೆ ಬರಗಾಲ ಬಂತು. ಪೋರ್ಚುಗೀಸರು ಕರಾವಳಿಯ ವಿಹಾರಗಳನ್ನು ಕೆಡವಿದರು. ಒಳನಾಡಿನಲ್ಲಿ ಸೀತಾವಕದ ಒಂದನೆಯ ರಾಜಸಿಂಹನು ಶೈವನಾಗಿ ಸಂಘದ ಮೇಲೆ ತಿರುಗಿಬಿದ್ದನು. ಆಮೇಲಿನ ಕ್ಯಾಂಡಿಯ ರಾಜರು ಎರಡು ಬಾರಿ ಅರಕಾನಿನಿಂದ ಭಿಕ್ಷುಗಳನ್ನು ಕರೆಸಿದರೂ ಪರಂಪರೆ ನಿಲ್ಲಲಿಲ್ಲ. ಹದಿನೆಂಟನೆಯ ಶತಮಾನದ ಹೊತ್ತಿಗೆ ಉಳಿದವರು 'ಗಣಿನ್ನಾನ್ಸೆ'ಗಳು. ಇವರಲ್ಲಿ ಬಹುಮಂದಿಗೆ ವಿಹಾರದ ಹೊಲಗದ್ದೆಯೂ ಬೇಕು, ಸಂಸಾರವೂ ಬೇಕು; ವಿಹಾರದ ಆಸ್ತಿ ಮನೆತನದೊಳಗೇ ಇಳಿದುಬರುತ್ತಿತ್ತು. ಪೂರ್ಣ ದೀಕ್ಷೆಯ ಭಿಕ್ಷು ಒಬ್ಬನೂ ಇರಲಿಲ್ಲ.

ಇವರ ನಡುವೆ ವೆಲಿವಿಟ ಶರಣಂಕರ ಎಂಬ ಸಾಮಣೇರನಿದ್ದನು. ೧೬೯೮ರಲ್ಲಿ ಹುಟ್ಟಿದವನು, ಹದಿನಾರರ ಪ್ರಾಯದಲ್ಲಿ ಕಾವಿ ಉಟ್ಟನು. ಪಾಳಿ ಕಲಿಸುವ ಗುರು ದೇಶದಲ್ಲೇ ಅಪರೂಪವಾಗಿದ್ದ ಕಾಲವದು. ರಾಜಕೋಪಕ್ಕೆ ಸಿಕ್ಕಿ ಬಂಧನದಲ್ಲಿದ್ದ ಗೃಹಸ್ಥನೊಬ್ಬನಿಂದ ಅವನು ವ್ಯಾಕರಣ ಕಲಿತನು. ಊರೂರು ಅಲೆದು ಭಿಕ್ಷೆಯೆತ್ತಿ ಉಣ್ಣುತ್ತಿದ್ದನು. ಅದೇ ಅವನಿಗೆ ಅಡ್ಡಹೆಸರಾಯಿತು. ತನ್ನಂಥವರನ್ನು ಕೂಡಿಸಿ ಶೀಲವಂತರ ಒಂದು ಬಳಗ ಕಟ್ಟಿದನು. ಆದರೂ ಅವನು ಬರಿಯ ಸಾಮಣೇರನೇ. ಉಪಸಂಪದಾ ಕೊಡುವ ಐವರನ್ನು ಎಲ್ಲಿಂದ ತರುವುದು?

ಸಯಾಮಿನಲ್ಲಿ ಆ ಪರಂಪರೆ ಅಳಿದಿಲ್ಲವೆಂದು ಡಚ್ಚರಿಂದ ತಿಳಿದುಬಂತು. ಕರಾವಳಿಯೆಲ್ಲ ಡಚ್ ಕಂಪನಿಯ ಕೈಯಲ್ಲಿದ್ದುದರಿಂದ ಕ್ಯಾಂಡಿಯ ರಾಜನಿಗೆ ಸ್ವಂತ ಬಂದರು ಇರಲಿಲ್ಲ. ಡಚ್ಚರಿಗೋ ರಾಜನ ಕಾಡಿನ ದಾಲ್ಚಿನ್ನಿ ಬೇಕಿತ್ತು. ಹೀಗಾಗಿ ಪ್ರಾಟೆಸ್ಟೆಂಟ್ ವರ್ತಕರ ಹಡಗುಗಳಲ್ಲಿ ಬೌದ್ಧ ರಾಯಭಾರಿಗಳು ಭಿಕ್ಷುಗಳನ್ನು ತರಲು ಹೊರಟರು!

೧೭೪೧ರಲ್ಲಿ ಹೊರಟ ಮೊದಲ ಹಡಗು ಪೆಗುವಿನ ಕಡಲಲ್ಲಿ ಮುಳುಗಿತು. ಬದುಕಿ ಬಂದವರು ಬೆರಳೆಣಿಕೆಯಷ್ಟು. ೧೭೪೭ರಲ್ಲಿ ಎರಡನೆಯ ತಂಡ ಹೊರಟಿತು. ಅದು ಸಯಾಮನ್ನು ಮುಟ್ಟಿತಾದರೂ ಇತ್ತ ಕಳುಹಿಸಿದ ರಾಜನೇ ತೀರಿಕೊಂಡುದರಿಂದ ಬರಿಗೈಯಲ್ಲಿ ಮರಳಿತು. ಹೊಸದಾಗಿ ಪಟ್ಟವೇರಿದ ಕೀರ್ತಿಶ್ರೀ ರಾಜಸಿಂಹನು ಮಧುರೆಯ ಕಡೆಯ ನಾಯಕ ವಂಶದವನು. ಸಿಂಹಳನಲ್ಲ, ಹುಟ್ಟಿನಿಂದ ಬೌದ್ಧನೂ ಅಲ್ಲ. ಆದರೂ ೧೭೫೦ರಲ್ಲಿ ಮೂರನೆಯ ರಾಯಭಾರವನ್ನು ಕಳುಹಿಸಿದವನು ಅವನೇ. ಅಯೋಧ್ಯಾ ನಗರದಲ್ಲಿ (ಅಯುತ್ಥಯ) ಬೊರೊಮಕೋಟ್ ಮಹಾರಾಜನು ಅವರನ್ನು ಆದರಿಸಿ, ಧಮ್ಮಾರಾಮ ವಿಹಾರದ ಉಪಾಲಿ ಸ್ಥವಿರರ ನಾಯಕತ್ವದಲ್ಲಿ ಭಿಕ್ಷು, ಸಾಮಣೇರರು ಸೇರಿ ಸುಮಾರು ಇಪ್ಪತ್ತೈದು ಮಂದಿಯನ್ನು ಒಪ್ಪಿಸಿದನು. ಸಿಂಹಳದಲ್ಲಿ ಕಾಣೆಯಾಗಿದ್ದ ಗ್ರಂಥಗಳನ್ನೂ ಕೊಟ್ಟನು. ಹೊರಟ ಹಡಗು ಲಿಗೋರಿನ ಬಳಿ ಕೆಟ್ಟು ನಿಂತಿತು. ಮತ್ತೆ ಹಿಂದಕ್ಕೆ, ಮತ್ತೆ ಬೇರೆ ಹಡಗು. ದಾರಿಯಲ್ಲಿ ಪ್ರಾಣಬಿಟ್ಟವರಿದ್ದರು. ಅಂತೂ ೧೭೫೩ರಲ್ಲಿ ತ್ರಿಕೋಣಮಲೆಯಲ್ಲಿ ಇಳಿದರು.

ಆ ವರ್ಷದ ಆಷಾಢ ಹುಣ್ಣಿಮೆಯ ವೇಳೆ ಕ್ಯಾಂಡಿಯ ಮಲ್ವತ್ತ ವಿಹಾರದಲ್ಲಿ ಉಪಸಂಪದಾ ನಡೆಯಿತು. ಬಂದವರಿಗೆ ಸಿಂಹಳ ಬಾರದು, ಇವರಿಗೆ ಸಯಾಮಿ ಬಾರದು. ನಡುವೆ ಇದ್ದದ್ದು ಪಾಳಿಯೊಂದೇ. ಅದರಲ್ಲೂ ಉಚ್ಚಾರ ಬೇರೆ: ಸಯಾಮಿನವರ ಬಾಯಲ್ಲಿ 'ಬುದ್ಧ' ಎಂಬುದು 'ಫುತ್ಥ' ಎಂದಾಗುತ್ತದೆ. ಆದರೂ ಮಾತು ಕೂಡಿತು. ಸುಮಾರು ನಲವತ್ತು ವರ್ಷ ಸಾಮಣೇರನಾಗಿಯೇ ಕಾದಿದ್ದ ಶರಣಂಕರರು ಐವತ್ತೈದನೆಯ ವಯಸ್ಸಿನಲ್ಲಿ ಭಿಕ್ಷುವಾದರು. ರಾಜನು ಅವರನ್ನು ಸಂಘರಾಜರೆಂದು ಗೌರವಿಸಿದನು.

ಉಪಾಲಿ ಸ್ಥವಿರರು ಮರಳಿ ಹೋಗಲಿಲ್ಲ. ಮೂರೇ ವರ್ಷಗಳಲ್ಲಿ ನೂರಾರು ಮಂದಿಗೆ ಉಪಸಂಪದಾ ಕೊಟ್ಟು, ಸಾವಿರಾರು ಸಾಮಣೇರರನ್ನು ಮಾಡಿ, ೧೭೫೬ರಲ್ಲಿ ಕ್ಯಾಂಡಿಯಲ್ಲೇ ಕಣ್ಣುಮುಚ್ಚಿದರು. ಇನ್ನೊಂದು ವಿಷಯ. ಕ್ಯಾಂಡಿಯ ಪ್ರಸಿದ್ಧ ಪೆರಹೆರ ಆ ತನಕ ದೇವತೆಗಳ ಉತ್ಸವವಾಗಿತ್ತು. ಬುದ್ಧನ ನಾಡಿನಲ್ಲಿ ಬುದ್ಧನಿಗೆ ಮೆರವಣಿಗೆಯಿಲ್ಲವೇ ಎಂದು ಸಯಾಮಿನ ಭಿಕ್ಷುಗಳು ಬೇಸರಿಸಿದುದರಿಂದ ದಂತಧಾತುವಿನ ಆನೆ ಮುಂದೆ ನಡೆಯುವ ಕ್ರಮ ಬಂದಿತೆಂದು ಹೇಳುತ್ತಾರೆ. ಮನೆಯವರ ಕಣ್ಣಿಗೆ ಬೀಳದ್ದು ಬಂದ ಅತಿಥಿಯ ಕಣ್ಣಿಗೆ ಬೀಳುವುದುಂಟು.

೧೭೬೭ರಲ್ಲಿ ಬರ್ಮದ ಸೈನ್ಯ ಅಯೋಧ್ಯಾ ನಗರವನ್ನು ಸುಟ್ಟು ನೆಲಸಮ ಮಾಡಿತು. ಸಿಂಹಳದ ರಾಯಭಾರಿಗಳು ಹದಿನೇಳು ವರ್ಷ ತಡಮಾಡಿ ಹೋಗಿದ್ದರೆ ಕದ ತಟ್ಟಲು ಆ ಅರಮನೆಯೇ ಇರುತ್ತಿರಲಿಲ್ಲ.

ಮುಚ್ಚಿದ ಬಾಗಿಲು

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪರದೇಶದ ಗುರುಗಳು ಬಂದಲ್ಲಿ ರಾಜಕೀಯವೂ ಬೆನ್ನಿಗೆ ಬರುತ್ತದೆ. ೧೭೬೦ರಲ್ಲಿ ಕ್ಯಾಂಡಿಯ ಕೆಲವು ಸರದಾರರೂ ಭಿಕ್ಷುಗಳೂ ಸೇರಿ, ದಕ್ಷಿಣದಿಂದ ಬಂದ ಈ ನಾಯಕ ರಾಜನನ್ನು ಕೊಂದು ಸಯಾಮಿನ ರಾಜಕುಮಾರನೊಬ್ಬನನ್ನು ಪಟ್ಟಕ್ಕೆ ಕೂರಿಸುವ ಸಂಚು ಹೂಡಿದರು. ರಾಜನು ಹಣೆಗೆ ವಿಭೂತಿ ಹಚ್ಚುತ್ತಾನೆಂಬುದೂ ಅವರ ದೂರುಗಳಲ್ಲಿ ಒಂದು. ಸಂಚು ಬಯಲಾಯಿತು. ಸಯಾಮಿನವರು ದೇಶ ಬಿಡಬೇಕಾಯಿತು. ಶರಣಂಕರರ ಮೇಲೂ ಅಪವಾದ ಬಂದು ಅವರು ಕೆಲಕಾಲ ಬಂಧನದಲ್ಲಿದ್ದರು. ತಾನೇ ಕರೆಸಿದ ಸಂಘದಿಂದ ಇಂಥದ್ದಾದರೂ ರಾಜನು ಸಂಘಕ್ಕೆ ಕೊಟ್ಟ ಆಶ್ರಯವನ್ನು ಹಿಂತೆಗೆಯಲಿಲ್ಲವೆಂಬುದು ಅವನ ದೊಡ್ಡತನ.

ಇದಕ್ಕಿಂತ ಆಳವಾದ ಗಾಯ ಮತ್ತೊಂದಿದೆ. ೧೭೬೪ರ ಸುಮಾರಿಗೆ ಈ ಸಯಾಂ ನಿಕಾಯದಲ್ಲಿ ಉಪಸಂಪದಾ ಗೊಯಿಗಮ, ಅಂದರೆ ಒಕ್ಕಲುತನದ ಮೇಲ್ಜಾತಿಯವರಿಗೆ ಮಾತ್ರ ಎಂಬ ಕಟ್ಟಳೆ ಬಂತು. ಇಂಥ ಭೇದ ಸಯಾಮಿನಿಂದ ಬಂದದ್ದಲ್ಲ. ಬುದ್ಧನ ಮಾತಿನಲ್ಲಂತೂ ಇಲ್ಲವೇ ಇಲ್ಲ. ಮೂರು ಬಾರಿ ಹಡಗು ಕಳುಹಿಸಿ, ಜೀವಗಳನ್ನು ತೆತ್ತು ತಂದ ದೀಪಕ್ಕೆ ಮನೆಯವರೇ ಮರೆ ಕಟ್ಟಿದರು.

ಹೊರಗುಳಿದವರು ಏನು ಮಾಡಿದರು? ಅವರೂ ಹಡಗು ಹತ್ತಿದರು. ೧೭೯೯ರಲ್ಲಿ ಕರಾವಳಿಯ ಸಲಾಗಮ ಜಾತಿಯ ಸಾಮಣೇರನಾದ ಅಂಬಗಹಪಿಟಿಯ ಜ್ಞಾನವಿಮಲನು ಜೊತೆಗಾರರೊಂದಿಗೆ ಬರ್ಮದ ಅಮರಪುರಕ್ಕೆ ಹೊರಟನು. ಸಲಾಗಮರೆಂದರೆ ದಾಲ್ಚಿನ್ನಿ ಸುಲಿಯುವವರು. ಕ್ಯಾಂಡಿಯ ರಾಜನಿಗೆ ಡಚ್ ಹಡಗು ದೊರಕಿಸಿಕೊಟ್ಟ ಅದೇ ದಾಲ್ಚಿನ್ನಿಯ ಕಸುಬಿನಿಂದ ಕೈಯಲ್ಲಿ ಹಣ ಕಂಡಿದ್ದ ಜನಾಂಗ ಈಗ ತಮ್ಮವರ ಪ್ರಯಾಣಕ್ಕೆ ಹಣ ಕೂಡಿಸಿತು. ೧೮೦೦ರಲ್ಲಿ ಅಮರಪುರದಲ್ಲಿ ಅವರಿಗೆ ಉಪಸಂಪದಾ ಆಯಿತ. ೧೮೦೩ರಲ್ಲಿ ಬರ್ಮದ ಭಿಕ್ಷುಗಳನ್ನೂ ಕರೆದುಕೊಂಡು ಮರಳಿ, ಬಾಲಪಿಟಿಯದಲ್ಲಿ ನೀರಿನ ಮೇಲೆಯೇ ದೀಕ್ಷೆ ನಡೆಸಿದರು. ಅಮರಪುರ ನಿಕಾಯ ಹುಟ್ಟಿದ್ದು ಹೀಗೆ. ೧೮೬೪ರಲ್ಲಿ ಬರ್ಮದ ಸಂಪರ್ಕದಿಂದಲೇ ರಾಮಞ್ಞ ನಿಕಾಯವೂ ಬಂತು. ಒಳಗಿನ ಬಾಗಿಲು ಮುಚ್ಚಿದವರಿಗೆ ಕಡಲ ಬಾಗಿಲು ತೆರೆದಿತ್ತು.

ಭಿಕ್ಷುಣಿಯರ ಸುತ್ತುದಾರಿ

ಇನ್ನು ಅರ್ಧಕ್ಕೆ ಬಿಟ್ಟ ಭಿಕ್ಷುಣಿಯರ ಕಥೆ. ಚೋಳರ ದಾಳಿಗೆ ಆರುನೂರು ವರ್ಷ ಮೊದಲು, ೪೨೯ರಲ್ಲಿ, ಸಿಂಹಳದ ಎಂಟು ಭಿಕ್ಷುಣಿಯರು ವರ್ತಕನೊಬ್ಬನ ಹಡಗಿನಲ್ಲಿ ಚೀನಕ್ಕೆ ಹೋದರು. ಅಲ್ಲಿನ ಸ್ತ್ರೀಯರಿಗೆ ವಿಧಿಪೂರ್ವಕ ದೀಕ್ಷೆ ಕೊಡಲು ಹತ್ತು ಮಂದಿ ಬೇಕೆಂದರು, ಇವರು ಎಂಟೇ. ಲೆಕ್ಕ ತಪ್ಪುವಂತಿಲ್ಲ! ಉಳಿದವರು ಬರುವ ತನಕ ಚೀನೀ ಭಾಷೆ ಕಲಿಯುತ್ತ ಕಾದರು. ೪೩೩ರಲ್ಲಿ ಅದೇ ಹಡಗಿನವನು ಮತ್ತೊಂದು ತಂಡವನ್ನು ತಂದನು. ಇಂದಿನ ನಾನ್‌ಜಿಂಗ್ ನಗರದಲ್ಲಿ ಮುನ್ನೂರಕ್ಕೂ ಹೆಚ್ಚು ಚೀನೀ ಸ್ತ್ರೀಯರಿಗೆ ದೀಕ್ಷೆಯಾಯಿತು. ಆ ಪರಂಪರೆ ಚೀನದಲ್ಲಿ ಉಳಿಯಿತು. ಕೊರಿಯಾ, ತೈವಾನುಗಳಿಗೂ ಹಬ್ಬಿತು. ಕಳುಹಿಸಿದ ಸಿಂಹಳದಲ್ಲಿ ಅದು ಅಳಿಯಿತು.

ಒಂಬತ್ತು ಶತಮಾನಗಳ ಅನಂತರ, ೧೯೯೬ರಲ್ಲಿ, ಸಾರನಾಥದಲ್ಲಿ ಕೊರಿಯದ ಸಂಘದ ನೆರವಿನಿಂದ ಸಿಂಹಳದ ಹತ್ತು ಸ್ತ್ರೀಯರು ಭಿಕ್ಷುಣಿಯರಾದರು. ೧೯೯೮ರಲ್ಲಿ ಬೋಧಗಯೆಯಲ್ಲಿ ತೈವಾನಿನವರ ಏರ್ಪಾಟಿನಿಂದ ಇನ್ನೂ ಇಪ್ಪತ್ತು ಮಂದಿಗೆ ದೀಕ್ಷೆಯಾಯಿತು. ಅದೇ ವರ್ಷ ಸಿಂಹಳದ ದಂಬುಲ್ಲದಲ್ಲಿ ಅವರೇ ದೀಕ್ಷೆ ಕೊಡಲು ತೊಡಗಿದರು. ಇದು ಮಹಾಯಾನದ ದಾರಿಯಿಂದ ಬಂದದ್ದು, ಸಲ್ಲದೆಂದು ಹಿರಿಯ ಪೀಠಗಳು ಇದನ್ನು ಅಧಿಕೃತವಾಗಿ ಒಪ್ಪಿಲ್ಲ. ತಾವು ಕೊಟ್ಟ ಗಂಟು ಬೇರೆ ಬಟ್ಟೆಯಲ್ಲಿ ಕಟ್ಟಿ ಬಂದರೆ ಗುರುತು ಹಿಡಿಯುವುದು ಕಷ್ಟವೇನೋ.

ನಮ್ಮ ನಾಡಿನಲ್ಲಿ

ಬನವಾಸಿಯ ದೀಪ ಏನಾಯಿತು? ಕರ್ನಾಟಕದಲ್ಲಿ ಅದು ಒಮ್ಮೆಲೇ ಆರಲಿಲ್ಲ. ೯೬೮ರಲ್ಲಿ ಮಂಗಳೂರಿನ ಕದ್ರಿಯಲ್ಲಿ ಆಳುಪ ಕುಂದವರ್ಮನು ಲೋಕೇಶ್ವರನ ಭವ್ಯ ಕಂಚಿನ ಮೂರ್ತಿಯನ್ನು ನಿಲ್ಲಿಸಿದನು. ೧೦೬೫ರಲ್ಲಿ ಬಳ್ಳಿಗಾವೆಯಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿ ಬೌದ್ಧ ವಿಹಾರ ಕಟ್ಟಿಸಿದನು. ೧೦೯೫ರಲ್ಲಿ ಡಂಬಳದಲ್ಲಿ ಸೆಟ್ಟಿಗಳು ತಾರಾದೇವಿಗೂ ವಿಹಾರಕ್ಕೂ ದತ್ತಿ ಬಿಟ್ಟರು. ಅಷ್ಟರ ಮೇಲೆ ಶಾಸನಗಳು ಮಾತು ನಿಲ್ಲಿಸುತ್ತವೆ. ಇಲ್ಲಿ ಯಾವ ರಾಜನೂ ಐವರು ಭಿಕ್ಷುಗಳಿಗಾಗಿ ಹಡಗು ಕಳುಹಿಸಲಿಲ್ಲ. ಪರಂಪರೆ ಕಡಿದುಹೋಗುವುದು ಶತ್ರುವಿನ ದಾಳಿಯಿಂದಲೇ ಆಗಬೇಕೆಂದಿಲ್ಲ. ಬೇಕೆಂದು ಕೇಳುವವರಿಲ್ಲದಿದ್ದರೂ ಸಾಕು.

ಆದರೆ ಬನವಾಸಿಯ ಸೀಮೆಗೆ ಭಿಕ್ಷುಗಳು ಮತ್ತೆ ಬಂದಿದ್ದಾರೆ, ಯಾರೂ ಓಲೆ ಬರೆಯದೆಯೇ. ಟಿಬೆಟ್ಟಿನಿಂದ ನಿರಾಶ್ರಿತರಾಗಿ ಬಂದವರಿಗೆ ೧೯೬೬ರಲ್ಲಿ ಅದೇ ಜಿಲ್ಲೆಯ ಮುಂಡಗೋಡಿನಲ್ಲಿ ನೆಲೆ ದೊರೆಯಿತು. ಲಾಸಾದ ಡ್ರೆಪುಂಗ್, ಗಾಂದೆನ್ ಮಹಾವಿಹಾರಗಳು ಅಲ್ಲಿ ಮರುಹುಟ್ಟು ಪಡೆದವು. ಟಿಬೆಟ್ಟಿಗೆ ಆ ದೀಕ್ಷೆ ಹೋದದ್ದು ಭಾರತದಿಂದಲೇ. ಒಮ್ಮೆ ಅಲ್ಲಿಯೂ ಸಂಘ ನಾಶವಾಗಿ, ತಪ್ಪಿಸಿಕೊಂಡ ಮೂವರು ಭಿಕ್ಷುಗಳು ಪೂರ್ವದ ಗಡಿಯಲ್ಲಿ ಹೊಸಬನೊಬ್ಬನಿಗೆ ದೀಕ್ಷೆ ಕೊಡಹೊರಟಾಗ ಇಬ್ಬರು ಕಡಿಮೆಯಾದರು; ಚೀನದ ಇಬ್ಬರು ಭಿಕ್ಷುಗಳು ಬಂದು ಕೂತು ಐದರ ಲೆಕ್ಕ ತುಂಬಿದರೆಂದು ಟಿಬೆಟ್ಟಿನ ಇತಿಹಾಸ ನೆನೆಯುತ್ತದೆ.

ಈ ದೀರ್ಘ ಇತಿಹಾಸದಲ್ಲಿ ಕೊಡುವ ದೇಶವೆಂದೂ ಬೇಡುವ ದೇಶವೆಂದೂ ಶಾಶ್ವತವಾಗಿ ಯಾವುದೂ ಇಲ್ಲ. ಸಿಂಹಳವು ಪೆಗುವಿಗೆ, ಚಿಯಾಂಗ್‌ಮಾಯ್‌ಗೆ ಕೊಟ್ಟಾಗ ಎಂದಾದರೊಂದು ದಿನ ತನಗೇ ಬೇಕಾದೀತೆಂದು ಲೆಕ್ಕ ಹಾಕಿರಲಾರದು. ಪಡೆದವರು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದ, ಬೇಕೆಂದಾಗ ಕೊಡಲು ಅವರ ಬಳಿ ಇತ್ತು. ಹೊರನಾಡಿನಲ್ಲಿ ಭಾಷೆಯನ್ನು, ಹಾಡು-ಹಸೆಯನ್ನು, ಹಬ್ಬದ ಕ್ರಮವನ್ನು ಇಟ್ಟುಕೊಂಡು ಬಂದಿರುವ ನಮಗೆ ಈ ಮಾತು ಬೇಗ ಅರ್ಥವಾದೀತು. ನಮ್ಮ ಸಂಘಗಳ ಕನ್ನಡ ತರಗತಿಗಳಲ್ಲಿ ಒಂದು ವರ್ಷ ಹತ್ತು ಮಕ್ಕಳಿರುತ್ತಾರೆ, ಇನ್ನೊಂದು ವರ್ಷ ನಾಲ್ವರು. ನಾಲ್ವರಾದಾಗ ತರಗತಿ ಮುಚ್ಚುವ ಮಾತು ಬರುವುದು ಸಹಜ. ಆಗ ಐದನೆಯವರನ್ನು ಎಲ್ಲಿಂದ ಕರೆತರೋಣವೆಂದು ಕೇಳಬೇಕು. ಅವರು ಯಾವ ಜಿಲ್ಲೆಯವರು, ಯಾವ ಜಾತಿಯವರು, ಮನೆಯಲ್ಲಿ ಯಾವ ಮಾತಾಡುವವರು ಎಂದು ಬಾಗಿಲಲ್ಲೇ ವಿಚಾರಿಸಿ ಕಳುಹಿಸಬಾರದು. ಕ್ಯಾಂಡಿಯವರು ೧೭೫೩ರಲ್ಲಿ ಮಾಡಿದ್ದನ್ನೂ ನೆನೆಯೋಣ, ೧೭೬೪ರಲ್ಲಿ ಮಾಡಿದ್ದನ್ನೂ ಮರೆಯದಿರೋಣ.